ಬರ್ಫದೊಳಗಿನ ರಕ್ತ

ಒಂದಾನೊಂದು ಊರಿನಲ್ಲಿ ಎಂದೇ ಶುರು ಮಾಡುತ್ತೇನೆ. ಹಾಗೆ ಕಲಿಸಿದವಳು ಅಜ್ಜಿ. ಊರು ಸೊಲ್ಲಾಪುರ. ಐಸಿಯುವಿನಲ್ಲಿ ಎಚ್ಚರವಿಲ್ಲದೆ ಮಲಗಿದ್ದವಳೂ ಅವಳೇ.

"ರಕ್ತದಾಗ ಲ್ಯಾಕ್ಟೇಟ್ ಇಳದಿದ್ರ ಅಜ್ಜಿ ಉಳೀತಾರ್ರಿ. ಏರಿದ್ರ ನಿಮ್ಮೂರು ಕರಜಗಿಯಿಂದ ಮಂದೀನ ಕರಸ್ರಿ," ಎಂದಳು ನರ್ಸ್ ರೂಪಾಲಿ. "ಬರ್ಫದಾಗಿಟ್ಟು ಕೊಡ್ತೀನಿ, ಲಗೂನ ಲ್ಯಾಬಿಗೆ ಮುಟ್ಟಸ್ರಿ." ಹೂಂ ಎಂದೆ.

ಪರದೆಯ ಸಂದಿಯಿಂದ ಕೈಯೊಂದು ಮಂಜುಗಡ್ಡೆ ತುಂಬಿದ ಡಬ್ಬಿ ಚಾಚಿತು. ಗ್ಲೌಸ್ ಇರಲಿಲ್ಲ, ಉಗುರಿಗೆಲ್ಲ ನಮ್ಮ ಮನೆದೇವರು ಬೀರಪ್ಪನ ಭಂಡಾರದ ಅರಿಶಿನ. ಬರ್ಫದ ನಡುವೆಯೂ ರಕ್ತದ ಟ್ಯೂಬ್ ಬೆಚ್ಚಗಿತ್ತು.

ಲ್ಯಾಬಿನ ಶೈಲೇಶ ಪರೀಕ್ಷಿಸಿ ನಕ್ಕ. "ಇಳದೈತಿ, ಅಕ್ಕಾ! ಪೇಢೆ ತರ್ರಿ."

ಓಡಿ ಮೇಲೆ ಬಂದೆ. ರೂಪಾಲಿ ಸಿರಿಂಜ್ ಹಿಡಿದು ನಿಂತಿದ್ದಳು. "ಎಲ್ಲಿ ಹೋಗಿದ್ರಿ? ನಾ ಇನ್ನಾ ರಕ್ತಾನ ತಗದಿಲ್ಲ!"

ಮೊದಲಿನ ಟ್ಯೂಬಿನ ಮೇಲೆಯೂ ಅಜ್ಜಿಯ ಹೆಸರೇ ಇತ್ತು. ನನ್ನೆದುರೇ ರೂಪಾಲಿ ತೆಗೆದುಕೊಟ್ಟ ರಕ್ತವನ್ನು, ಏರಿದ್ದರೂ ನಿಜ ತಿಳಿಯಲಿ ಎಂದು, ಒಯ್ದು ಶೈಲೇಶನ ಕೈಗಿಟ್ಟೆ.