ಅಜ್ಜಿಯ ಬಾಯಿಯ ಬಂಗಾರ

ರಾಯದುರ್ಗದ ಬೆಟ್ಟದಡಿ ಸಾಸಿವೆಯಷ್ಟು ಬಂಗಾರ ಬಿದ್ದರೂ ಬೊಮ್ಮನಹಾಳಿನಲ್ಲಿ ಮಲಗಿದ ನನ್ನ ಮೂಗಿಗೆ ವಾಸನೆ ಬಡಿಯುತ್ತದೆ. ಆದರೂ ಹೆಂಡತಿ ಲಕ್ಷ್ಮಿದೇವಿ ನಮ್ಮ ಹೊಲದಲ್ಲಿ ಶೇಂಗಾ ಕೀಳುವಾಗ ಕಳೆದುಕೊಂಡ ಮುಗುತಿ ಹುಡುಕಲು ಎರಡು ಮೆಟಲ್ ಡಿಟೆಕ್ಟರ್ ತಂದೆ. ಸಂಜೆಯೊಳಗೆ ಒಂದನ್ನು ಆರಿಸಿ, ಇನ್ನೊಂದನ್ನು ಅಂಗಡಿಗೆ ವಾಪಸ್ ಕೊಡಬೇಕಿತ್ತು.

ಸಣ್ಣ ಬಂಗಾರ ಯಾವುದಕ್ಕೆ ತಿಳಿಯುತ್ತದೆ? ನಮ್ಮಲ್ಲಿ ಸತ್ತವರ ಬಾಯಿಗೆ ಬಂಗಾರದ ಚೂರಿಟ್ಟು ಮಣ್ಣು ಮಾಡುತ್ತಾರೆ. ಹಾಗಾಗಿ ಹೊಲದ ಮೂಲೆಯಲ್ಲಿರುವ ಅಜ್ಜಿಯ ಸಮಾಧಿಯ ಮೇಲೆ ಎರಡನ್ನೂ ಆಡಿಸಿದೆ. ಬುಡದಲ್ಲಿ ದೊಡ್ಡ ತಟ್ಟೆಯಿದ್ದ ಮಿಷನ್ ಸುಮ್ಮನಿತ್ತು. ಸಣ್ಣ ತಟ್ಟೆಯದು ತಲೆಯ ಕಡೆ ‘ಕುಂಯ್’ ಎಂದಿತು. ಸುಡುಬಿಸಿಲಲ್ಲೂ ಅಲ್ಲಿನ ಮಣ್ಣು ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಅಜ್ಜಿ ಜಗಿಯುತ್ತಿದ್ದ ತಂಬಾಕಿನ ವಾಸನೆ ಬಂತು.

“ನನ್ನ ಒಂದ್ ಕೂದಲಾನೂ ಅಲ್ಲಾಡಲಿಲ್ಲ ನೋಡಬೇ! ಅಜ್ಜಿ ಬಾಯಾಗಿನ ಬಂಗಾರಕ್ಕ ಕುಂಯ್ ಅಂದ ಸಣ್ಣ ಮಿಷನ್ನ, ಅಜ್ಜಿಗೆ ಕೈಮುಗದು ಆರಿಸೀನಿ” ಎಂದು ಮನೆಯಲ್ಲಿ ಮೀಸೆ ತಿರುವಿದೆ.

ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. “ಲೇ ಹುಲುಗ, ನಿಮ್ಮಜ್ಜಿ ಬಾಯಾಗ ಬಂಗಾರ ಎಲ್ಲಿಟ್ಟಿದ್ವೋ? ಅವಸರದಾಗ ಸಿಗಲಿಲ್ಲಂತ ಬರೇ ತುಳಸಿ ನೀರು ಬಿಟ್ಟಿದ್ವಿ.”

“ಹಂಗಾದ್ರ ಅದು ನನ್ನ ಮುಗುತೀನ! ಅಗದು ತರ್ರಿ” ಎಂದಳು ಲಕ್ಷ್ಮಿದೇವಿ. “ಅಂದಂಗ, ಆರಿಸಿದ ಮಿಷನ್ ಎಲ್ಲೈತ್ರಿ?”

ಸಿಕ್ಕಿಬಿದ್ದೆ. ನಾನು ಕೈಮುಗಿದಿರಲಿಲ್ಲ, ಆರಿಸಿಯೂ ಇರಲಿಲ್ಲ. ನಾನು ಸಮಾಧಿಯಿಂದ ಹಿಂದೆ ಸರಿದಂತೆ ಆ ‘ಕುಂಯ್’ ಕೂಡ ನೆಲದೊಳಗೇ ಸರಿದು ಬದುವಿನವರೆಗೆ ಬಂದಿತ್ತು. ಎರಡೂ ಮಿಷನ್ ಎಸೆದು ಓಡಿದ್ದೆ. ಎಸೆದ ಮೇಲೂ ಅದು ನಮ್ಮ ಹೊಸ್ತಿಲವರೆಗೆ ನನ್ನ ಕಾಲಡಿಯಲ್ಲೇ ಬಂದಿತ್ತು.

ಲಕ್ಷ್ಮಿದೇವಿ ಮೂಗಿನ ತೂತಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದಾಳೆ. ಮುಗುತಿಯ ಮಾತು ಮತ್ತೆ ಎತ್ತಿಲ್ಲ.