ಕೇತರಸನ ಓಲೆಗಳು

ಶಂಖಪುರದ ರಾಜಬೀದಿಯಲ್ಲಿ ಅಂದು ಹೂವಾಡಗಿತ್ತಿಯರ ಕೂಗಿರಲಿಲ್ಲ, ಅಂಗಡಿಗಳು ತೆರೆದಿರಲಿಲ್ಲ, ಅರಮನೆಯ ಮುಂದೆ ಪಟ್ಟದಾನೆಯೂ ಆಭರಣವಿಲ್ಲದೆ ಬರಿಮೈಯಲ್ಲಿ ನಿಂತಿತ್ತು. ಮೂವತ್ತು ವರ್ಷ ರಾಜ್ಯವನ್ನು ಕಾದು ಮುಪ್ಪಿನಲ್ಲಿ ಖಡ್ಗವಿಳಿಸಿದ್ದ ದಂಡನಾಯಕ ಕೇತರಸನು ತೀರಿಕೊಂಡು ಹದಿಮೂರು ದಿನಗಳಾಗಿದ್ದವು. ಅಪರಾಹ್ಣದ ಒಡ್ಡೋಲಗದಲ್ಲಿ ಅವನನ್ನು ಸ್ಮರಿಸಿ ನುಡಿಯುವ ಹೊಣೆ ಬಾಲ್ಯದ ಗೆಳೆಯ, ಆಯುಧಶಾಲೆಯ ಅಧಿಕಾರಿ ಏಚಣ್ಣನದು.

ಅದಕ್ಕೆ ಮುನ್ನವೇ ಪ್ರಧಾನಿ ದೇಮಯ್ಯನಿಂದ ಕರೆ ಬಂದಿತು.

"ನಿಮ್ಮ ಮಾತಿನ ಮೇಲೆ ಕೇತರಸರ ಮಗ ಬಲ್ಲಯ್ಯನಿಗೆ ದಂಡನಾಯಕ ಪದವಿ ಸಿಗಲಿದೆ," ಎಂದ ದೇಮಯ್ಯ, ಓಲೆಗಳ ಕಟ್ಟೊಂದನ್ನು ಮುಂದಿಡುತ್ತ. "ಮಾತಾಡುವ ಮುಂಚೆ ಇವನ್ನು ಓದಿ. ಹನ್ನೆರಡು ವರ್ಷ ಅವರು ನಿಮ್ಮ ಮನೆಯ ಸುದ್ದಿಯನ್ನು ನನಗೆ ಬರೆದು ಕಳಿಸಿದ್ದಾರೆ. ಸಭೆಯಲ್ಲಿ ನೀವು ಸುಮ್ಮನಿದ್ದರೆ ಸಾಕು."

ಆ ಪದವಿಯನ್ನು ದೇಮಯ್ಯ ತನ್ನ ಅಳಿಯನಿಗೆ ಬಯಸಿದ್ದನೆಂಬುದು ಏಚಣ್ಣನಿಗೆ ಗೊತ್ತಿತ್ತು. ಆದರೆ ಅಕ್ಷರ ಕೇತರಸನದೇ. ಯಾರು ಬಂದರು, ಏನು ಮಾತಾಯಿತು, ಎಲ್ಲವೂ ಅಲ್ಲಿತ್ತು. ತನ್ನ ಎಲೆಯ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಉಂಡವನು ಕೈತೊಳೆದು ಹೋಗಿ ಇದನ್ನು ಬರೆದನೆ? ಏಚಣ್ಣ ಕಟ್ಟನ್ನು ಎತ್ತಿಕೊಂಡು ಹೊರಬಿದ್ದ. ಮೌನವಾಗಿರುವುದೆಂದೇ ನಿಶ್ಚಯಿಸಿ, ಆಯುಧಶಾಲೆಯ ಮೂಲೆಯಲ್ಲಿ ಕುಳಿತು ಉಳಿದ ಓಲೆಗಳನ್ನು ತಿರುವಿದ.

ಒಂದು ಓಲೆಯಲ್ಲಿ ಹೀಗಿತ್ತು: "ಏಚಣ್ಣನ ಮುದಿತಾಯಿ ಕೆಮ್ಮಿನಿಂದ ನರಳುತ್ತಿದ್ದಾಳೆ. ಮನೆಯಲ್ಲಿ ಬೇರಾರೂ ಇಲ್ಲ."

ಏಚಣ್ಣನ ತಾಯಿ ಆ ಓಲೆ ಬರೆಯುವುದಕ್ಕೂ ನಾಲ್ಕು ವರ್ಷ ಮೊದಲೇ ಗತಿಸಿದ್ದಳು. ಕೇತರಸನೇ ಚಟ್ಟಕ್ಕೆ ಹೆಗಲು ಕೊಟ್ಟಿದ್ದ. ಆ ತಿಂಗಳು ಒಳಕೋಣೆಯಲ್ಲಿ ಕೆಮ್ಮುತ್ತಿದ್ದವನು ಅರಸನ ತಮ್ಮ. ದೇಮಯ್ಯನ ಚಾಡಿಯಿಂದ ದೇಶಭ್ರಷ್ಟನಾಗಿ, ಗಾಯಗೊಂಡು ಬಂದವನನ್ನು ಏಚಣ್ಣ ಮೂರು ದಿನ ಅಡಗಿಸಿಟ್ಟಿದ್ದ. ಊಟಕ್ಕೆ ಬಂದಿದ್ದ ಕೇತರಸ ಆ ಕೆಮ್ಮನ್ನು ಕೇಳಿಯೂ ಏನೊಂದೂ ಕೇಳದೆ ಇನ್ನೊಂದು ಸೌಟು ಮಜ್ಜಿಗೆ ಬಡಿಸಿಕೊಂಡಿದ್ದ. ಸುದ್ದಿ ಬರೆಯಲು ಕೇತರಸ ಒಲ್ಲೆನೆಂದಿದ್ದರೆ ದೇಮಯ್ಯ ಬೇರೊಬ್ಬನನ್ನು ನೇಮಿಸುತ್ತಿದ್ದ. ಆ ಬೇರೊಬ್ಬನಾದರೆ ನಿಜವನ್ನೇ ಬರೆದುಬಿಡುತ್ತಿದ್ದ.

ತುಂಬಿದ ಸಭೆಯಲ್ಲಿ ಏಚಣ್ಣ ಆ ಓಲೆಯನ್ನು ಓದಿದ. ಅಂದು ಕೆಮ್ಮುತ್ತಿದ್ದವರು ಯಾರೆಂದು ಹೇಳಿದ; ತನ್ನ ಅಪರಾಧವನ್ನೂ ಮುಚ್ಚಿಡಲಿಲ್ಲ.

ದೇಮಯ್ಯನ ಮುಖ ಕಪ್ಪಿಟ್ಟಿತು. ಅರಸ ಸಿಂಹಾಸನದಿಂದ ಮುಂದಕ್ಕೆ ಬಾಗಿದ.

"ನನ್ನ ತಮ್ಮ ಬದುಕಿದ್ದಾನೆಯೇ?"

"ನನ್ನ ಮನೆಯಿಂದ ನಡೆದೇ ಹೋದರು, ಪ್ರಭು. ಆಮೇಲಿನದನ್ನು ನಾನರಿಯೆ."

ಅರಸ ಬಲ್ಲಯ್ಯನನ್ನು ಕರೆದು ತಂದೆಯ ಖಡ್ಗವನ್ನು ಅವನ ಕೈಗಿತ್ತ. ದೇಶಭ್ರಷ್ಟನಿಗೆ ಆಶ್ರಯವಿತ್ತವನಿಗೆ ಗಡೀಪಾರೇ ಶಿಕ್ಷೆ; ಅದನ್ನು ಏಚಣ್ಣನಿಗೆ ವಿಧಿಸುವಾಗ ಅರಸನ ಧ್ವನಿ ಕುಗ್ಗಿತ್ತು.

ಕೋಟೆಯ ಹೆಬ್ಬಾಗಿಲವರೆಗೆ ಬಲ್ಲಯ್ಯ ಜೊತೆಗೆ ಬಂದ. "ಅಪ್ಪನ ಮೇಲೆ ನಿಮಗೆ ಸಿಟ್ಟಿಲ್ಲ ತಾನೆ, ದೊಡ್ಡಪ್ಪ?"

"ಅವನು ಅಂದು ನನ್ನನ್ನು ಉಳಿಸಿದ, ಮಗು. ಅದನ್ನು ಸಭೆಗೆಲ್ಲ ಹೇಳಿ ಬಂದೆ." ಏಚಣ್ಣ ಹೊದ್ದ ಶಾಲನ್ನು ಸರಿಪಡಿಸಿಕೊಂಡ. "ಹನ್ನೆರಡು ವರ್ಷ ನನ್ನ ಜೊತೆ ಕುಳಿತು ಉಂಡ. ನನಗೊಂದು ಮಾತು ಹೇಳಬಹುದಿತ್ತು."

ಬಲ್ಲಯ್ಯ ಬಾಗಿ ಅವನ ಪಾದ ಮುಟ್ಟಿದ. ಏಚಣ್ಣ ಅವನ ತಲೆಯ ಮೇಲೆ ಕೈಯಿಟ್ಟು, ಹಿಂತಿರುಗಿ ನೋಡದೆ ಬಾಗಿಲು ದಾಟಿದ.