ಎರಡು ಸೆಟ್ ಟೈರು

ಅವನು ಕಾರಿನಿಂದ ಇಳಿಯುವ ಮೊದಲೇ ಸಿಂಚನ ಅವನ ಟೈರು ನೋಡಿಬಿಟ್ಟಿದ್ದಳು. ಮುಖ ನೋಡಿದ್ದು ಆಮೇಲೆ. ದೇವನಹಳ್ಳಿಯ ವಿಜಯಪುರ ರಸ್ತೆಯಲ್ಲಿ ಅಪ್ಪ ಸಂಜೀವಪ್ಪನ ಟೈರ್ ಅಂಗಡಿಯಲ್ಲಿ ಆರು ವರ್ಷ ನಿಂತವಳಿಗೆ ಅದೇ ರೂಢಿಯಾಗಿತ್ತು. ಗಿರಾಕಿ ಬಾಯಿ ಬಿಡುವಷ್ಟರಲ್ಲಿ ಅವನ ಟೈರು ಅವನ ವಿಷಯವನ್ನೆಲ್ಲ ಒದರಿಬಿಟ್ಟಿರುತ್ತದೆ.

ಕೆಂಪು ಬಣ್ಣದ ಪುಟ್ಟ ಸ್ಪೋರ್ಟ್ಸ್ ಕಾರು. ಅಂಗಡಿ ಮುಂದಿನ ಹಂಪು ದಾಟಲು ಓರೆಯಾಗಿ, ಮೆಲ್ಲಗೆ, ಉಸಿರು ಬಿಗಿಹಿಡಿದು ಬಂದಿತ್ತು.

"ಎಡಗಡೆ ಮುಂದಿನ ಟೈರು, ಹೊರಗಡೆ ಅಂಚು ಪೂರ್ತಿ ಹೋಗಿದೆ," ಎಂದಳು, ಕುಕ್ಕರುಗಾಲಲ್ಲಿ ಕೂತೇ. "ಬಲಕ್ಕೆ ತಿರುಗಿಸೋವಾಗ ಸಿಕ್ಕಾಪಟ್ಟೆ ಸ್ಪೀಡು. ಬ್ರೇಕೂ ಲೇಟು. ನಮ್ಮ ಕಡೆ ರೋಡಲ್ಲಿ ಅಂಥ ತಿರುವೇ ಇಲ್ವಲ್ಲ ಸರ್, ಎಲ್ಲಿ ಓಡಿಸ್ತೀರಾ?"

ಅವನು ಕಾರಿನ ಬಾಗಿಲು ಹಿಡಿದುಕೊಂಡೇ ನಿಂತ. "ಇದು ಟೈರ್ ಅಂಗಡೀನೋ, ಜಾತಕ ನೋಡೋ ಜಾಗಾನೋ?"

"ಜಾತಕ ನೋಡೋ ಹಂಗಿದ್ರೆ ಮದ್ವೆ ಯಾವಾಗ ಅಂತಾನೂ ಹೇಳ್ತಿದ್ದೆ. ನಮ್ದು ಬರೀ ಟೈರು."

ಅಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಕಂಡವರ ಹತ್ತಿರ ಮದುವೆ ಮಾತು ಯಾಕೆ ಬೇಕಿತ್ತು ಇವಳಿಗೆ? ಅವನು ನಕ್ಕ. ನಕ್ಕಾಗ ಮೊದಲು ಕಣ್ಣು ಸಣ್ಣದಾಗಿ, ಆಮೇಲೆ ತುಟಿ ಅರಳಿತು. ಅಷ್ಟು ಹತ್ತಿರದಿಂದ ಯಾವ ಗಿರಾಕಿಯ ನಗುವನ್ನೂ ಅವಳು ಗಮನಿಸಿದ್ದಿಲ್ಲ.

ಹೆಸರು ಬೈರೇಶ್. ಊರು ಸೂಲಿಬೆಲೆ. ಕೆಲಸ ಏರ್‌ಪೋರ್ಟಿನಲ್ಲಿ, ವಿಮಾನದ ಎಂಜಿನ್ ರಿಪೇರಿ. ಯಾರೋ ಮೂಲೆಗೆ ತಳ್ಳಿದ್ದ ಕಾರನ್ನು ಕೊಂಡು, ಎರಡು ವರ್ಷ ಕೂತು, ತಾನೇ ಬಿಚ್ಚಿ ತಾನೇ ಜೋಡಿಸಿದ್ದ. ವಾರವೆಲ್ಲ ಡ್ಯೂಟಿಗೆ ಅದರಲ್ಲೇ ಓಡಾಟ. ಎರಡು ವಾರಕ್ಕೊಮ್ಮೆ ಶನಿವಾರ ಚೆನ್ನೈ ಹತ್ತಿರದ ರೇಸ್ ಟ್ರ್ಯಾಕಿಗೆ.

"ಒಂದೇ ಟೈರಲ್ಲಿ ಎರಡೂ ಆಗ್ಬೇಕು," ಎಂದ. "ಡ್ಯೂಟಿಗೂ ಹೋಗ್ಬೇಕು, ಟ್ರ್ಯಾಕಲ್ಲೂ ಹಿಡೀಬೇಕು. ಅಂಥದ್ದಿದ್ಯಾ?"

ಸಿಂಚನ ಮೂರು ಟೈರು ಉರುಳಿಸಿಕೊಂಡು ಬಂದಳು. "ಬಾಯಲ್ಲಿ ಹೇಳಿದ್ರೆ ಗೊತ್ತಾಗಲ್ಲ. ಕೈ ಕೊಡಿ ಇಲ್ಲಿ," ಎಂದು ಅವನ ಅಂಗೈಯನ್ನು ಮೊದಲನೆಯದರ ಮೇಲೆ ಒತ್ತಿದಳು. "ಇದು ರೋಡಿಂದು. ಗಟ್ಟಿ. ಕಾಲುವೆ ಆಳ ಇದೆ ನೋಡಿ, ಮಳೆ ಬಂದ್ರೆ ನೀರನ್ನ ಆಚೆ ತಳ್ಳುತ್ತೆ. ಆದ್ರೆ ಟ್ರ್ಯಾಕಲ್ಲಿ ಹತ್ತು ಸುತ್ತು ಹಾಕಿದ್ರೆ ಕಾದು ಅಂಚು ಕಿತ್ತು ಬರುತ್ತೆ." ಎರಡನೆಯದು ಮೆತ್ತಗೆ ಬೆರಳಿಗೆ ಅಂಟುವಂತಿತ್ತು. "ಇದು ಟ್ರ್ಯಾಕಿಂದು. ಬಿಸಿಯಾದ್ರೆ ನೆಲ ಬಿಡಲ್ಲ. ತಣ್ಣಗಿದ್ರೆ ಮಾತು ಕೇಳಲ್ಲ. ಕಾಲುವೆ ಇಲ್ಲವೇ ಇಲ್ಲ ಅನ್ನಿ, ನೀರು ಸಿಕ್ಕಿದ್ರೆ ಜಾರೋದೇ."

"ನಮ್ಮ ಸೂಪರ್‌ವೈಸರ್ ಥರ," ಎಂದ ಬೈರೇಶ. ಅವನ ಹೆಬ್ಬೆರಳು ರಬ್ಬರಿನ ಮೇಲಿತ್ತು, ಕಣ್ಣು ಅವಳ ಮೇಲಿತ್ತು. "ಮೂರನೇದು?"

ಮೂರನೆಯದು ಅವನಿಗಾಗಿಯೇ ಮಾಡಿದಂತಿತ್ತು. ಮಳೆಗೆ ಬೇಕಾದಷ್ಟು ಕಾಲುವೆ, ಟ್ರ್ಯಾಕಿನ ಬಿಸಿ ತಡೆಯುವ ರಬ್ಬರು. ವಾರವೆಲ್ಲ ರಸ್ತೆ, ಆಗೊಂದು ಈಗೊಂದು ಶನಿವಾರ ಟ್ರ್ಯಾಕು ಅನ್ನುವವರಿಗೆ ಇದಕ್ಕಿಂತ ಬೇರೆ ಬೇಡ. ಅಪ್ಪನಾಗಿದ್ದರೆ ಒಂದೇ ನಿಮಿಷದಲ್ಲಿ ಹೇಳಿ ಮುಗಿಸುತ್ತಿದ್ದ. ಸಿಂಚನಳಿಗೂ ಬಾಯಿ ತುದಿಯವರೆಗೆ ಬಂತು. ಇದನ್ನು ಹಾಕಿ ಕಳಿಸಿದರೆ ಇವನು ಇನ್ನು ಒಂದೂವರೆ ವರ್ಷ ಈ ಕಡೆ ತಲೆ ಹಾಕುವುದಿಲ್ಲ ಅನ್ನುವುದೂ ಅದರ ಹಿಂದೆಯೇ ಬಂತು.

"ಅದು ನಿಮಗೆ ಆಗಲ್ಲ," ಎಂದಳು. "ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ. ಎರಡು ಸೆಟ್ ಇಟ್ಕೊಳ್ಳಿ. ಶುಕ್ರವಾರ ಬಂದು ಟ್ರ್ಯಾಕಿಂದು ಹಾಕಿಸ್ಕೊಳ್ಳಿ. ಸೋಮವಾರ ಬಂದು ರೋಡಿಂದು. ಬೇಡದ ಸೆಟ್ಟು ಇಲ್ಲೇ ಇರ್ಲಿ, ನಾನ್ ನೋಡ್ಕೋತೀನಿ."

"ನೀವು ಹೇಳಿದ್ಮೇಲೆ ಮುಗೀತು," ಎಂದ ಅವನು. ಮನೆಯಲ್ಲಿ ಇನ್ನೂ ನಾಲ್ಕು ಅಲಾಯ್ ವೀಲ್ ಬಿದ್ದಿದ್ದವು, ಮಾರನೆಯ ದಿನವೇ ತಂದುಕೊಟ್ಟ.

ತಪ್ಪು ಟೈರು ಹಾಕಿ ಕಳಿಸಿದರೆ ಅದರ ಪಾಪ ಅಂಗಡಿಯವನಿಗೇ ಅಂತ ಸಂಜೀವಪ್ಪ ಮಗಳಿಗೆ ಮೊದಲ ದಿನ ಹೇಳಿಕೊಟ್ಟಿದ್ದ. ಸಿಂಚನ ಆ ರಾತ್ರಿ ಮೂರು ಸಲ ಎದ್ದು ನೀರು ಕುಡಿದಳು. ಶುಕ್ರವಾರ ಬಂತು ನೋಡಿ, ಎಲ್ಲ ಮರೆತಳು.

ಅಲ್ಲಿಂದ ಶುರುವಾಯಿತು ಈ ಶುಕ್ರವಾರ ಸೋಮವಾರಗಳ ಆಟ. ನಾಲ್ಕು ಚಕ್ರ ಬದಲಿಸಲು ಇಪ್ಪತ್ತು ನಿಮಿಷ ಸಾಕು. ಇವಳ ಕೈಗೆ ಒಂದು ಗಂಟೆ ಬೇಕು. ಬ್ಯಾಲೆನ್ಸಿಂಗ್ ಸರಿಯಿದ್ದ ಚಕ್ರವನ್ನು ಮತ್ತೆ ಮೆಷಿನ್ನಿಗೆ ಹಾಕುವಳು. ಬಿಗಿಯಿದ್ದ ನಟ್ಟನ್ನು ಮತ್ತೆ ಮುಟ್ಟುವಳು.

"ಇನ್ನೂ ಆಗ್ಲಿಲ್ವಾ?"

"ಅರ್ಜೆಂಟಾ?"

"ಇಲ್ಲಪ್ಪಾ. ಸುಮ್ನೆ ಕೇಳ್ದೆ."

ಅವನೂ ಕಮ್ಮಿಯವನಲ್ಲ. ಕನ್ನಡಿ ಸರಿಮಾಡುವ ನೆಪದಲ್ಲಿ ಅದನ್ನು ಅವಳ ಕಡೆಗೇ ತಿರುಗಿಸಿಕೊಂಡು ಕೂರುವನು. ಕನ್ನಡಿಯಲ್ಲಿ ಕಣ್ಣು ಸೇರಿದರೆ ಆಕಾಶ ನೋಡುವನು. ಹಸು ಕರು ಹಾಕಿದ್ದಾಗ ಡಬ್ಬಿಯಲ್ಲಿ ಗಿಣ್ಣು ತಂದುಕೊಟ್ಟು, "ನಮ್ಮಮ್ಮ ಕೊಡು ಅಂದ್ರು" ಎಂದ. "ಟೈರ್ ಅಂಗಡಿಯವರಿಗೆಲ್ಲ ಕೊಡ್ತಾರಾ ನಿಮ್ಮಮ್ಮ?" ಅಂದಿದ್ದಕ್ಕೆ ಕಿವಿಯವರೆಗೆ ಕೆಂಪಾದ. ಇಷ್ಟಾದರೂ ನಾಲ್ಕು ತಿಂಗಳಲ್ಲಿ ಇಬ್ಬರೂ ಹೇಳಬೇಕಾದ ಒಂದು ಮಾತು ಹೇಳಲಿಲ್ಲ. ಹೇಳಲು ಮುಂದಿನ ಶುಕ್ರವಾರ ಇದ್ದೇ ಇರುತ್ತಿತ್ತಲ್ಲ!

ಆಮೇಲೆ ಒಂದು ಸೋಮವಾರ ದೊಡ್ಡಬಳ್ಳಾಪುರದವರು ಸಿಂಚನಳನ್ನು ನೋಡಲು ಬಂದರು. ಮಗ್ಗದ ಮನೆತನ, ಹುಡುಗನ ಹೆಸರು ನವೀನ್‌ಕುಮಾರ್. ಪಾಪ, ಹುಡುಗನಲ್ಲಿ ಏನೂ ಕೊರತೆಯಿರಲಿಲ್ಲ. ಅಮ್ಮ ಮುನಿವೆಂಕಟಮ್ಮ ಬೆಳಿಗ್ಗೆಯೇ ಅಂಗಡಿಗೆ ಬೀಗ ಹಾಕಿಸಿದ್ದಳು. ಸಿಂಚನ ಸೀರೆ ಉಟ್ಟು ಕಾಫಿ ಲೋಟ ಹಿಡಿದು ನಿಂತಾಗ ಅವಳ ತಲೆಯಲ್ಲಿ ಇದ್ದಿದ್ದು ಒಂದೇ: ಇವತ್ತು ಸೋಮವಾರ, ಅವನು ಬಂದಿರುತ್ತಾನೆ.

ಬಂದಿದ್ದ. ಮಂಗಳವಾರ ಎದುರಿನ ಟೀ ಅಂಗಡಿಯ ಪಿಳ್ಳಣ್ಣ ವರದಿ ಒಪ್ಪಿಸಿದ. "ಆ ಕೆಂಪು ಕಾರ್ನೋನು ಬಂದಿದ್ದ ಕಣಮ್ಮಾ. ಹುಡ್ಗೀನ ನೋಡಕ್ಕೆ ದೊಡ್ಡಬಳ್ಳಾಪುರದೋರು ಬಂದವ್ರೆ, ಇವತ್ತು ಅಂಗ್ಡಿ ಇಲ್ಲ ಅಂದೆ. ಅರ್ಧ ಟೀ ಹಂಗೇ ಬಿಟ್ಟು ಹೊಂಟೋದ."

ಸಿಂಚನ ಒಳಗೆ ಬಂದು ನೋಡಿದಳು. ಅವನ ರೋಡ್ ಟೈರಿನ ನಾಲ್ಕೂ ಚಕ್ರ ಸ್ಟ್ಯಾಂಡಿನ ಮೇಲೆಯೇ ಇದ್ದವು. ಅಂದರೆ ಅವನು ಟ್ರ್ಯಾಕ್ ಟೈರಿನಲ್ಲೇ ಓಡಾಡುತ್ತಿದ್ದಾನೆ. ಫೋನ್ ಮಾಡಿದಳು, ಎತ್ತಲಿಲ್ಲ. 'ನಿಮ್ಮ ಟೈರು ಇಲ್ಲೇ ಇವೆ, ಬನ್ನಿ' ಎಂದು ಮೆಸೇಜ್ ಹಾಕಿದಳು. 'ಟೈಮ್ ಇಲ್ಲ, ನೋಡೋಣ' ಎಂದು ಬಂತು ಉತ್ತರ.

ಮಂಗಳವಾರ ಹೋಯಿತು, ಬುಧವಾರ ಹೋಯಿತು. ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಯಾವ ಗಾಡಿ ಬಂದರೂ ಕತ್ತು ರಸ್ತೆಗೆ ತಿರುಗುತ್ತಿತ್ತು. ಒಬ್ಬರ ಸ್ಕೂಟರಿಗೆ ಗಾಳಿ ಹಿಡಿಯುತ್ತ ಎಲ್ಲೋ ನೋಡಿ, "ಅಮ್ಮಾ, ಒಡೆದೋಗುತ್ತೆ!" ಎಂದು ಬೈಸಿಕೊಂಡಳು. ಮನೆಗೆ ಹೋದರೆ ಅಮ್ಮನ ರಾಗ. "ಗುರುವಾರ ಸಂಜೆ ಒಳಗೆ ಹೇಳ್ತೀವಿ ಅಂದಿದೀವಿ. ಹೂಂ ಅಂತೀಯೋ, ಊಹೂಂ ಅಂತೀಯೋ? ಬಾಯಲ್ಲಿ ಏನು ಇಟ್ಕೊಂಡಿದೀಯ?"

ಏನಿತ್ತು ಬಾಯಲ್ಲಿ? ಬೇಡ ಅನ್ನಲು ಕಾರಣ ಬೇಕು. ಕಾರಣ ಫೋನ್ ಎತ್ತುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ನಂದಿ ಬೆಟ್ಟದ ಕಡೆಯಿಂದ ಮೋಡ ಕವಿಯಿತು. ಗಡಿಯಾರ ನೋಡಿದಳು, ಎರಡೂ ಮುಕ್ಕಾಲು. ಅವನ ಶಿಫ್ಟು ಮುಗಿಯುವ ಹೊತ್ತು. ಇನ್ನರ್ಧ ಗಂಟೆಯಲ್ಲಿ ಸೂಲಿಬೆಲೆ ರಸ್ತೆಯಲ್ಲಿರುತ್ತಾನೆ, ಕಾಲುವೆ ಇಲ್ಲದ ಟೈರಿನಲ್ಲಿ, ಇವಳೇ ಹಾಕಿದ ಟೈರಿನಲ್ಲಿ. ಒಂದೊಂದೇ ಚಕ್ರ ಇಳಿಸಿ ಅಂಗಡಿಯ ಲಗೇಜ್ ಗಾಡಿಗೆ ತುಂಬಿದಳು. ಜಾಕಿ ಹಾಕಿದಳು, ಪಾನಾ ಹಾಕಿದಳು.

"ಎಲ್ಲಿಗಮ್ಮಾ ಇಷ್ಟು ಅವಸರ?" ಅಪ್ಪ ಕೇಳಿದ.

"ಒಂದು ತಪ್ಪು ಮಾಡಿದೀನಪ್ಪಾ. ಸರಿ ಮಾಡಿ ಬರ್ತೀನಿ."

ನಲ್ಲೂರು ಹತ್ತಿರ ಬರುವಷ್ಟರಲ್ಲಿ ಮಳೆ ಬಡಿಯುತ್ತಿತ್ತು. ವೈಪರ್ ಎಷ್ಟು ಒರೆಸಿದರೂ ಮುಂದೆ ಏನೂ ಕಾಣದು. ಹುಣಸೆ ತೋಪಿನ ಪಕ್ಕ, ರಸ್ತೆ ಬಿಟ್ಟು ಕೆಸರಿನಲ್ಲಿ, ಬಂದ ದಿಕ್ಕಿಗೇ ಮೂತಿ ತಿರುಗಿಸಿಕೊಂಡು ಕೆಂಪು ಕಾರು ನಿಂತಿತ್ತು. ಅವಳಿಗೆ ಬ್ರೇಕ್ ಎಲ್ಲಿದೆ ಎನ್ನುವುದೇ ಒಂದು ಕ್ಷಣ ಮರೆತುಹೋಯಿತು.

ಬೈರೇಶ ಹೊರಗೆ ನಿಂತಿದ್ದ. ಪೂರ್ತಿ ನೆನೆದಿದ್ದ. ಮೈಗೆ ಏನೂ ಆಗಿರಲಿಲ್ಲ.

"ಹಾಲಿನ ಗಾಡಿ ಎದುರಿಗೆ ಬಂತು," ಎಂದ. "ಬ್ರೇಕ್ ತುಳಿದೆ ಅಷ್ಟೇ. ಕಾರು ಒಂದೂವರೆ ಸುತ್ತು ಹೊಡೀತು. ಅದು ಒಂದು ಮಾರು ದೂರದಲ್ಲಿ ಹೋಯ್ತು. ಒಂದೇ ಮಾರು."

"ಫೋನ್ ಎತ್ತಕ್ಕೆ ಏನಾಗಿತ್ತು ನಿಮಗೆ? ದೊಡ್ಡ ಮನುಷ್ಯ! ಟೈಮ್ ಇಲ್ವಂತೆ!" ಬೈದಳು, ಅತ್ತಳು, ಅಳುತ್ತಲೇ ಗಾಡಿಯ ಹಿಂದಿನ ಬಾಗಿಲು ತೆಗೆದು ಚಕ್ರ ಇಳಿಸಿದಳು. ಕಾರನ್ನು ಇಬ್ಬರೂ ಸೇರಿ ಗಟ್ಟಿ ನೆಲಕ್ಕೆ ತಳ್ಳಿದರು. ಜಾಕಿಯ ಕೆಳಗೆ ಹಲಗೆ ಕೊಟ್ಟು ಎತ್ತಿದಳು. ಮೊದಲ ಚಕ್ರ ಬಿಚ್ಚಿ ಕೆಳಗಿಟ್ಟ ಮೇಲೆ, ಪಾನಾ ಕೈಯಲ್ಲೇ ಹಿಡಿದು ಹೇಳಿದಳು.

"ನಿಮಗೆ ಎರಡು ಸೆಟ್ ಬೇಕಾಗಿರ್ಲಿಲ್ಲ. ಅವತ್ತು ಮೂರನೇ ಟೈರು ತೋರಿಸಿದ್ನಲ್ಲ, ಅದೇ ಸಾಕಾಗಿತ್ತು. ರೋಡಿಗೂ ಆಗ್ತಿತ್ತು, ಟ್ರ್ಯಾಕಿಗೂ ಆಗ್ತಿತ್ತು, ಈ ಮಳೆಗೂ ಆಗ್ತಿತ್ತು. ಸುಳ್ಳು ಹೇಳಿದೆ."

"ಯಾಕೆ?"

"ನೀವು ಶುಕ್ರವಾರ, ಸೋಮವಾರ ಬರ್ಲಿ ಅಂತ."

ಅವನು ಬಿಚ್ಚಿಟ್ಟ ಚಕ್ರದ ಬೋಳು ರಬ್ಬರಿನ ಮೇಲೆ ಹೆಬ್ಬೆರಳು ಆಡಿಸಿದ. "ನಾನು ನಂಬಿದ್ದೆ ರೀ ನಿಮ್ಮನ್ನ," ಎಂದ. ಕೂಗಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಹೇಳಿ, ಬೆನ್ನು ತಿರುಗಿಸಿ ಹುಣಸೆ ಮರಗಳ ಕಡೆಗೆ ನಡೆದುಹೋದ.

ಸಿಂಚನ ಕೆಲಸ ನಿಲ್ಲಿಸಲಿಲ್ಲ. ಎರಡನೇ ಚಕ್ರ ಹಾಕಿದಳು. ಅವನು ಬೈದುಕೊಂಡು ಹೋಗಲಿ, ಇನ್ನೆಂದೂ ಮುಖ ನೋಡದಿರಲಿ, ಮನೆಗೆ ಮಾತ್ರ ನೆಟ್ಟಗೆ ಹೋಗಿ ಸೇರಲಿ. ಅದಕ್ಕಿಂತ ಹೆಚ್ಚು ಕೇಳುವ ಮುಖ ಅವಳಿಗಿರಲಿಲ್ಲ. ಮೂರನೇ ಚಕ್ರಕ್ಕೆ ಜಾಕಿ ಎತ್ತುವಾಗ ಪಕ್ಕದಲ್ಲಿ ಇನ್ನೊಂದು ಕೈ ಬಂದು ಜಾಕಿಯ ಹಿಡಿಕೆ ಹಿಡಿಯಿತು.

"ಮಳೆ ಬರುತ್ತೆ ಅಂತ ನಂಗೂ ಗೊತ್ತಿತ್ತು," ಎಂದ ಬೈರೇಶ, ಅವಳ ಮುಖ ನೋಡದೆ. "ಮಂಗಳವಾರ ಬಂದು ಹಾಕಿಸ್ಕೋಬಹುದಿತ್ತು. ಬರ್ಲಿಲ್ಲ. ನಿಮ್ಮಂಗಡಿ ಮುಂದೆ ಬಂದು ಕಂಗ್ರಾಜುಲೇಷನ್ಸ್ ಅನ್ನೋ ಧೈರ್ಯ ಇರ್ಲಿಲ್ಲ. ಕೊಬ್ಬು, ಇನ್ನೇನು."

ಇಬ್ಬರೂ ಸೇರಿ ನಾಲ್ಕನೆಯದನ್ನೂ ಹಾಕಿದರು. ಮಳೆ ಹನಿಗೆ ಇಳಿದಿತ್ತು. ಅವನು ಪಾನಾ ಅವಳ ಕೈಯಿಂದ ತೆಗೆದುಕೊಂಡು, ಕೊನೆಯ ನಟ್ಟು ಬಿಗಿಯುತ್ತ ಕೇಳಿದ, "ಆ ಹುಡುಗನಿಗೆ ಏನು ಹೇಳಿದೆ?"

ನೀವು ಹೋಗಿ ನೀನು ಆಗಿದ್ದು ಅವನಿಗೆ ಗೊತ್ತಾಯಿತೋ ಇಲ್ಲವೋ. ಅವಳಿಗೆ ಮೈಯೆಲ್ಲ ಗೊತ್ತಾಯಿತು.

"ಇನ್ನೂ ಏನೂ ಹೇಳಿಲ್ಲ. ಇವತ್ತು ಸಂಜೆ ಹೇಳ್ಬೇಕು."

"ಹೂಂ." ಎದ್ದು ನಿಂತು ಕೈ ಒರೆಸಿಕೊಂಡ. "ಮೂರನೇ ಟೈರು ತರಿಸು. ಈ ಎರಡು ಸೆಟ್ ಸಹವಾಸ ಸಾಕು ನಂಗೆ."

ಮುಗಿಯಿತು ಅಂದುಕೊಂಡಳು ಸಿಂಚನ. ಇನ್ನು ಶುಕ್ರವಾರ ಇಲ್ಲ, ಸೋಮವಾರವೂ ಇಲ್ಲ. "ತರಿಸ್ತೀನಿ," ಎಂದಳು. "ಒಂದು ಸಲ ಹಾಕಿದ್ರೆ ನೀವು ಬರೋ ಹಂಗೇ ಇಲ್ಲ."

"ಭಾನುವಾರ ಬರ್ತೀನಿ."

"ಭಾನುವಾರ ಅಂಗಡಿ ರಜ."

"ಅಂಗಡಿಗೆ ಯಾರು ಬರ್ತಾರೆ? ಮನೆಗೆ." ಕಾರಿನ ಕಡೆ ನೋಡಿ ತಲೆ ಕೆರೆದುಕೊಂಡ. "ಇದ್ರಲ್ಲಿ ಬರಕ್ಕಾಗಲ್ಲ. ಎರಡೇ ಸೀಟು. ಅಪ್ಪ, ಅಮ್ಮ, ದೊಡ್ಡಪ್ಪ, ದೊಡ್ಡಮ್ಮ, ನಾನು... ಐದು ಜನ ಆಗ್ತೀವಿ. ಬಸ್ಸಲ್ಲೇ ಬರ್ತೀವಿ."

ಸಿಂಚನ ಅವನನ್ನೇ ನೋಡಿದಳು. ಅವನ ಕಣ್ಣು ಸಣ್ಣದಾಗಲಿಲ್ಲ, ತುಟಿ ಅರಳಲಿಲ್ಲ. ಅವನು ತಮಾಷೆ ಮಾಡುತ್ತಿರಲಿಲ್ಲ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಅಮ್ಮ.

"ಎಲ್ಲಿ ಹಾಳಾಗೋದೆ? ದೊಡ್ಡಬಳ್ಳಾಪುರದೋರು ಫೋನ್ ಮಾಡವ್ರೆ ಕಣೇ, ಏನ್ ಹೇಳ್ಲಿ?"

"ಬೇಡ ಅಂತ ಹೇಳ್ಬಿಡಮ್ಮಾ. ಒಳ್ಳೆ ಜನ, ಒಳ್ಳೆ ಮಾತಲ್ಲಿ ಹೇಳು." ಉಸಿರೆಳೆದುಕೊಂಡಳು. "ಭಾನುವಾರ ಐದು ಜನಕ್ಕೆ ಉಪ್ಪಿಟ್ಟು, ಕೇಸರಿಬಾತ್ ಮಾಡ್ಬೇಕು."

ಉಪ್ಪಿಟ್ಟು ಕೇಸರಿಬಾತ್ ಯಾವಾಗ ಮಾಡುತ್ತಾರೆ ಎಂದು ಮುನಿವೆಂಕಟಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಯಾರೇ ಅವ್ನು?" ಎಂದಳು. "ಏನ್ ಕೆಲ್ಸ? ಯಾರ್ ಮನೆ ಮಗ?"

"ಅವರನ್ನೇ ಕೇಳು," ಎಂದು ಸಿಂಚನ ಫೋನನ್ನು ಬೈರೇಶನ ಕೈಗೆ ತುರುಕಿದಳು.

ಟ್ರ್ಯಾಕಿನಲ್ಲಿ ಬ್ರೇಕ್ ಹಾಕದೆ ತಿರುವು ಹೊಡೆಯುವ ಮನುಷ್ಯ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಒದ್ದೆ ಕೂದಲು ಹಿಂದಕ್ಕೆ ಸರಿಸಿ, ಮೈ ನೆಟ್ಟಗೆ ಮಾಡಿ, ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಅ... ಅಮ್ಮಾ, ನಮಸ್ಕಾರ. ನಾನು ಬೈರೇಶ್ ಅಂತ," ಎಂದು ತೊದಲಿದ. "ಸೂಲಿಬೆಲೆಯವನು."